ನಮ್ಮ ಕೇರಿಯ ಏಣಿ

“ಏ ಹನಮವ್ವ, ಬಾಗಲಕ ಕೈ ಹಚ್ಚಬ್ಯಾಡಬೇ! ಹೊರಗಿಂದನ ಏಣಿ ಹತ್ತು!”

ಚಾವಡಿ ದುರಸ್ತಿ ಸಮಿತಿಯ ಅಧ್ಯಕ್ಷ ಚನ್ನಬಸವಣ್ಣ ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂಗುತ್ತಿದ್ದ. ಅವತ್ತು ಉದ್ಘಾಟನೆ. ಮಾಳಿಗೆಗೆ ಕೊನೆಯ ಬುಟ್ಟಿ ಮಣ್ಣು ಹೊತ್ತ ನನ್ನ ಅತ್ತೆ ಹನಮವ್ವ ಏಣಿ ಹತ್ತಿದಳು. ಊರವರ ಏಣಿ ನಾವು ತುಳಿಯುವಂತಿಲ್ಲ. ಅದಕ್ಕೇ ಕೇರಿಯಿಂದ ನಮ್ಮದನ್ನೇ ಹೊತ್ತು ತಂದಿದ್ದೆವು.

ಹದಿನೈದು ದಿನದ ಹಿಂದೆ ಇದೇ ಬಾಗಿಲಿನಿಂದ ನಮ್ಮನ್ನು ಒಳಗೆ ಅಟ್ಟಿದ್ದ. ಒಳಗೆ ಮೊಣಕಾಲುದ್ದ ಬಾವಲಿ ಹಿಕ್ಕೆ, ಕುಡುಕರು ಕಕ್ಕಿದ್ದು, ಮೂಲೆಯಲ್ಲಿ ಹುಳ ಬಿದ್ದ ನಾಯಿಯ ಹೆಣ. ಕಾಲು ಹಿಡಿದು ಎಳೆದರೆ ಚರ್ಮ ಕಿತ್ತು ಕೈಗೆ ಬಂತು. ಆಗ ಯಾವ ಸೂಳೆಮಗನಿಗೂ ಮೈಲಿಗೆ ನೆನಪಾಗಲಿಲ್ಲ.

ಇಷ್ಟೆಲ್ಲ ಮಾಡಿದ್ದು ಚನ್ನಬಸವಣ್ಣನ ಒಂದು ಮಾತಿಗೆ. “ವಾಚನಾಲಯ ಮಾಡೋಣು. ನಿಮ್ಮ ಹುಡುಗ್ರೂ ಒಳಗ ಕುಂತು ಓದ್ಲಿ,” ಅಂದಿದ್ದ. ನನ್ನ ಮಗಳು ಅಂಕಿತಾ ಪಕ್ಕದ ಡೋಣಿ ಊರಿನ ಶಾಲೆಗೆ ನಡೆದು ಹೋಗಿ ಬರುತ್ತಾಳೆ, ಹತ್ತನೆಯ ತರಗತಿ. ನಮ್ಮದು ಒಂದೇ ಕೋಣೆ. ಒಲೆಯ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ ಓದುತ್ತಾಳೆ. ಅವಳಿಗೊಂದು ಜಾಗ ಸಿಕ್ಕೀತೆಂದು ಕೂಲಿ ಕೇಳದೆ ದುಡಿದೆವು.

ಚಾವಡಿಯದು ಹಳೆಯ ಮಣ್ಣಿನ ಮಾಳಿಗೆ, ನಡುವೆ ಬೆಳಕಿಗೆಂದು ಬಿಟ್ಟ ತೆರೆದ ಬೆಳಕಿಂಡಿ. ಮಳೆ ಸೋರದಂತೆ ಮಣ್ಣು ಹಾಕಿ ಬಡಿಯುವ ಹದ ಊರಲ್ಲಿ ನನ್ನ ಅತ್ತೆಗೆ ಮಾತ್ರ ಗೊತ್ತು.

ಚನ್ನಬಸವಣ್ಣನ ಜೊತೆ ಪೂಜಾರಿ ಒಳಗೆ ಹೋದ. ನಾವು ಸುಣ್ಣ ಬಳಿದ ಗೋಡೆಗೆಲ್ಲ ಗೋಮೂತ್ರ ಚಿಮುಕಿಸಿದ. ಅಂಕಿತಾ ಎಲ್ಲರಿಗಿಂತ ಮೊದಲೇ ಬಂದು ಪುಸ್ತಕ ಅವಚಿಕೊಂಡು ಚಾಪೆಯ ಮೇಲೆ ಕೂತಿದ್ದಳು. ಅವಳ ಮುಖಕ್ಕೂ ಚಿಮುಕಿಸಿ ಗದರಿದ.

“ಏಳು, ಹೊರಗ ಕುಂಡ್ರು. ಕಿಡಕ್ಯಾಗಿಂದ ಪುಸ್ತಕ ಕೊಡ್ತಾರ.”

ನಾನು ಬಾಗಿಲಲ್ಲಿ ನಿಂತೇ ಕೇಳಿದೆ. “ಸಾವ್ಕಾರ್ರ, ಒಳಗ ಕುಂತು ಓದ್ಲಿ ಅಂದಿದ್ರಲ್ರಿ?”

“ಅಂದಿದ್ದೆ. ಊರು ಒಪ್ಪಬೇಕಲ್ಲಬೇ?” ಚನ್ನಬಸವಣ್ಣ ಅಡಿಕೆ ಅಗಿಯುತ್ತಲೇ ಹೇಳಿದ. “ನೀವು ಮುಟ್ಟಿದ್ದು ಶುದ್ಧ ಮಾಡಸಾಕ ಇಷ್ಟೊತ್ತಾತು. ಮತ್ತ ಮುಟ್ಟಬ್ಯಾಡ್ರಿ.”

ಅಂಕಿತಾ ಕೆನ್ನೆ ಒರೆಸಿಕೊಳ್ಳುತ್ತ ಹೊರಗೆ ಬಂದಳು. ನಾಯಿಯ ಹೆಣ ಎಳೆದಾಗಲೂ ನನಗೆ ಇಷ್ಟು ಹೇಸಿಗೆ ಆಗಿರಲಿಲ್ಲ.

ಅತ್ತೆ ಮೇಲಿನಿಂದ ಎಲ್ಲ ನೋಡಿದ್ದಳು. ಬೆಳಕಿಂಡಿಯಲ್ಲಿ ಬಗ್ಗಿ ಕೇಳಿದಳು.

“ನಾವು ಮುಟ್ಟಿದ್ದೆಲ್ಲ ಹೊಲಸೇನ್ರಿ?”

“ಹೌದಬೇ, ಹಲ್ಕಟ್ ಮುದುಕಿ! ಸುಮ್ಕ ಮಣ್ಣ ಬಡಿ!”

“ಹಂಗಾದ್ರ ನಮ್ಮ ಹೊಲಸು ನಿಮ್ಮ ತಲಿ ಮ್ಯಾಲ ಯಾಕಿರಬೇಕ್ರಿ? ತಗೋರಿ.”

ಮಾಳಿಗೆಯಿಂದ ಅಗೆದ ಮೊದಲ ಸಲಿಕೆ ಮಣ್ಣು ಬೆಳಕಿಂಡಿಯಿಂದ ಪೂಜೆಯ ತಟ್ಟೆಯ ಮೇಲೆ ಬಿತ್ತು. ಎರಡನೆಯದು ಪೂಜಾರಿಯ ನೆತ್ತಿಯ ಮೇಲೆ.

“ನಿಮ್ಮೌನ್! ಮ್ಯಾಲ ಹತ್ತ್ರಲೇ ಯಾರರ! ಎಳೀರಿ ಅಕಿನ್ನ!” ಚನ್ನಬಸವಣ್ಣ ಕಿರುಚಿದ.

ಹತ್ತು ಗಂಡಸರು ಗೋಡೆಯ ತನಕ ಓಡಿ ಬಂದರು. ಅಲ್ಲಿದ್ದದ್ದು ನಮ್ಮ ಏಣಿ ಒಂದೇ. ಅದರ ಮೆಟ್ಟಿಲುಗಳ ಮೇಲೆ ನಮ್ಮ ಕಾಲಿನ ಕೆಸರು ಇನ್ನೂ ಹಸಿಯಾಗಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಕೈ ಹಚ್ಚಲಿಲ್ಲ.

ಮೇಲೆ ಇನ್ನೊಂದು ಸಲಿಕೆ ಇತ್ತು. ನಾನು ಸೆರಗು ಬಿಗಿದು ಏಣಿ ಹತ್ತಿದೆ.