ಹೂಂ ಅನ್ನುವವಳು

“ಇಲ್ಲಿ ಅಳ್ಬೇಕಾ, ಬೇಡ್ವಾ?” ಎಂದು ಕಾಜಕ್ಕ ಕೇಳಿದಳು. ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡಿದ್ದರಿಂದ ಮಾತು ಬಾಯಿಯ ಒಂದು ಮೂಲೆಯಿಂದ ಹೊರಬಂತು.

“ಬಂದ್ರೆ ಅಳಿ ಅಕ್ಕ. ಬರ್ದಿದ್ರೆ ಸುಮ್ನೆ ಒಂದ್ಸಲ ಕೆಳಗೆ ನೋಡಿ” ಎಂದಳು, ದಾನಿಗಳ ಮುಂದೆ ಹೇಳಬೇಕಾದ್ದನ್ನು ಅಭ್ಯಾಸ ಮಾಡಿಸುತ್ತಿದ್ದ ಹುಡುಗಿ.

“ಹೋದ ಸಲ ಕೆಳಗೆ ನೋಡ್ದಾಗ ನನ್ನ ಕತ್ತರಿ ಬಿದ್ದಿರೋದು ಕಾಣಿಸ್ತು. ವಾರದಿಂದ ಹುಡುಕ್ತಿದ್ದೆ. ಅಳೋ ಜಾಗದಲ್ಲಿ ನಗು ಬಂದ್ಬಿಡ್ತು.”

ಹೊಲಿಗೆ ಮೆಷಿನ್ನುಗಳ ಹಿಂದಿನಿಂದ ಹೆಂಗಸರು ನಕ್ಕರು. ಹುಡುಗಿ ನಗಲಿಲ್ಲ. ನಗು ಬರಬೇಕಾದ ಜಾಗ ಇದು ಎಂದು ಅವಳಿಗೆ ಗೊತ್ತಾಯಿತು, ಅಷ್ಟೇ.

ಬಣ್ಣದ ಅಂಗಡಿಯ ಮೇಲಿನ ಈ ಕೋಣೆಯಲ್ಲಿ ಸಂಸ್ಥೆ ಹೆಂಗಸರಿಗೆ ಹೊಲಿಗೆ ಕಲಿಸುತ್ತಿತ್ತು. ಕಿಟಕಿ ತೆರೆದರೆ ಟರ್ಪಂಟೈನ್ ವಾಸನೆ, ಮುಚ್ಚಿದರೆ ಸೆಕೆ. ಸೇವಾಸಂಸ್ಥೆಗಳನ್ನು ನಡೆಸುವುದು ಹೇಗೆ ಎಂದು ಎರಡು ವರ್ಷ ಓದಿ ಬಂದ ಹುಡುಗಿಗೆ ಇಲ್ಲಿ ಸಿಕ್ಕಿದ ಕೆಲಸ, ಈ ಹೆಂಗಸರ ಬದುಕನ್ನು ದಾನಿಗಳಿಗೆ ಹೇಳುವಂತೆ ಹೊಂದಿಸುವುದು. ಅದಕ್ಕೇ ಅವರೆಲ್ಲ ಅವಳನ್ನು ಕತೆ ಮೇಡಂ ಎಂದು ಕರೆಯುತ್ತಿದ್ದರು. ಅಂಗಿಯ ಗುಂಡಿಗಳಿಗೆ ಕಾಜಾ ತೆಗೆಯುವುದರಲ್ಲಿ ಎತ್ತಿದ ಕೈ ಆದ್ದರಿಂದ ಕಾಜಕ್ಕ ಕಾಜಕ್ಕನಾಗಿದ್ದಳು.

‘ಒಬ್ಬ ಮನುಷ್ಯ, ಒಂದು ನೋವು, ಒಂದು ತಿರುವು. ಅಲ್ಲಿಗೆ ನಿಲ್ಲಿಸಿ’ ಎಂದು ಕಾಲೇಜಿನಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಹುಡುಗಿ ಹಾಗೇ ಮಾಡಿದ್ದಳು. ಕಾಜಕ್ಕನ ಮಗಳು ಜ್ವರದಲ್ಲಿ ಹೋದದ್ದು ನೋವು, ಹೊಲಿಗೆ ಕಲಿತದ್ದು ತಿರುವು. ‘ಈಗ ಈ ಮೆಷಿನ್ನೇ ನನ್ನ ಮಗಳು’ ಎಂಬ ಕೊನೆಯ ಸಾಲನ್ನು ಮಾತ್ರ ಕಾಜಕ್ಕ ಹೇಳಿರಲಿಲ್ಲ, ಹುಡುಗಿಯೇ ಕೂಡಿಸಿದ್ದಳು. ಅದನ್ನು ಮೊದಲ ಸಲ ಕೇಳಿದಾಗ ಕಾಜಕ್ಕ, “ಮಗಳಿಗೆ ತಿಂಗಳಿಗೊಂದ್ಸಲ ಎಣ್ಣೆ ಬಿಟ್ರೆ ಸಾಕು, ಊಟ ಕೇಳಲ್ಲ, ಒಳ್ಳೇದೇ” ಎಂದು ನಕ್ಕು, ಆ ಸಾಲನ್ನೂ ಬಾಯಿಪಾಠ ಮಾಡಿಕೊಂಡಿದ್ದಳು. ಅಂದಿನಿಂದ ಬಂದ ದಾನಿಗಳೆಲ್ಲರೂ ಆ ಸಾಲಿಗೆ ಕಣ್ಣೊರೆಸಿಕೊಂಡಿದ್ದರು.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಸಂಸ್ಥೆಯ ನಿರ್ದೇಶಕಿ ದಾನಿಗಳಿಗಿಂತ ಮುಂದಾಗಿ ಬಂದು ಹುಡುಗಿಯ ಕಿವಿಯ ಹತ್ತಿರ ಬಗ್ಗಿದರು. “ಇವ್ರು ಒಪ್ಕೊಂಡ್ರೆ ಈ ಕೋಣೆ ಉಳಿಯುತ್ತೆ, ನಿನ್ನ ಕೆಲಸವೂ ಖಾಯಂ ಆಗುತ್ತೆ. ಇಲ್ಲಾಂದ್ರೆ ತಿಂಗಳ ಕೊನೆಗೆ ಬೀಗ. ಆ ಕೊನೆ ಸಾಲು ತಪ್ಪದ ಹಾಗೆ ನೋಡ್ಕೋ.”

“ಆಯ್ತು ಮೇಡಂ.”

ಅಜ್ಜಿ ಹೋದ ಮೇಲೆ ಎಲ್ಲದಕ್ಕೂ ಅವಳು ಆಯ್ತು ಎನ್ನುತ್ತಿದ್ದಳು. ಮಣ್ಣಿಗಿಟ್ಟು ಬಂದ ಮಾರನೆಯ ದಿನವೇ ಆಫೀಸಿಗೆ ಬಂದು ಕೂತಿದ್ದಳು. ಅತ್ತಿರಲಿಲ್ಲ. ಮರಗಟ್ಟಿದ ಕಾಲನ್ನು ಊರಿದಂತೆ ದಿನಗಳನ್ನು ಊರುತ್ತಾ ಬಂದಿದ್ದಳು.

ಅಜ್ಜಿ ಕತೆ ಹೇಳುವಾಗ ಕೇಳುವವರು ಹೂಂಗುಟ್ಟಲೇಬೇಕಿತ್ತು. ಹೂಂ ನಿಂತರೆ ಕತೆಯೂ ನಿಂತಂತೆ. “ನಿದ್ದೆ ಬಂತಾ ಪುಟ್ಟೀ? ಸರಿ, ರಾಜಕುಮಾರಿ ಮರದ ಮೇಲೇ ಕೂತಿರ್ಲಿ, ನಾಳೆ ಇಳಿಸೋಣ” ಎನ್ನುತ್ತಿದ್ದಳು. ಆಸ್ಪತ್ರೆಯಲ್ಲೂ ಒಂದು ರಾಜಕುಮಾರಿಯ ಕತೆ ಶುರುಮಾಡಿದ್ದಳು. ಹುಡುಗಿ ಮಂಚದ ಪಕ್ಕ ಕೂತು ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ದಾನಿಗಳಿಗೆ ತೋರಿಸಲು ಯಾರದೋ ಬದುಕನ್ನು ಹೊಂದಿಸುತ್ತಿದ್ದಳು. ಯಾವಾಗಲೋ ಹೂಂ ನಿಂತಿತ್ತು. ಆ ರಾಜಕುಮಾರಿಯನ್ನು ಇಳಿಸುವವರು ಈಗ ಯಾರೂ ಇಲ್ಲ.

ಅತಿಥಿಗಳು ಕೂತರು. ಬಿಳಿ ಕೂದಲಿನ ಯಜಮಾನರು, ಅವರ ಪಕ್ಕದಲ್ಲಿ ಕ್ಯಾಮೆರಾ ಹಿಡಿದ ಯುವತಿ. ಕಾಜಕ್ಕ ಪಿನ್ನುಗಳನ್ನು ಬಾಯಿಂದ ತೆಗೆದಿಟ್ಟು, ಮೆಷಿನ್ನಿನ ಮೇಲೆ ಕೈಯಿಟ್ಟು ನಿಂತಳು. ಅದೇ ಮಾತು, ಅದೇ ಜಾಗದಲ್ಲಿ ಅದೇ ಉಸಿರು. ಕೇಳುವವರು ತಲೆ ವಾಲಿಸಿ, ಮರ್ಯಾದೆಯಿಂದ, ಬಾಯಿ ಬಿಡದೆ ಕೂತಿದ್ದರು. ಫ್ಯಾನು ತಿರುಗುತ್ತಿತ್ತು.

“ಆಮೇಲೆ ನನ್ನ ಮಗಳಿಗೆ ಜ್ವರ ಬಂತು.”

“ಹೂಂ” ಎಂದಿತು ಒಂದು ದನಿ.

ಅದು ತನ್ನದೇ ಎಂದು ಹುಡುಗಿಗೆ ಆಮೇಲೆ ತಿಳಿಯಿತು. ಕಾಜಕ್ಕ ಗಕ್ಕನೆ ಮಾತು ನಿಲ್ಲಿಸಿದಳು. ಅತಿಥಿಗಳ ಕಡೆಗಿದ್ದ ಮುಖವನ್ನು ಹುಡುಗಿಯತ್ತ ತಿರುಗಿಸಿದಳು.

“ಆಸ್ಪತ್ರೆಗೆ ಕರ್ಕೊಂಡು ಹೋದೆ.”

“ಹೂಂ.”

“ಬಾಯಿ ತೆಗಿ ಅಂದ್ರು ಡಾಕ್ಟ್ರು. ತೆಗೆದ್ಳು. ಬೆರಳು ಹಾಕಿದ್ರು ನೋಡು, ಕಚ್ಚಿಬಿಟ್ಳು. ಮುಂಡೇದು, ರಕ್ತ ಬರೋ ಹಾಗೆ ಕಚ್ಚಿದ್ಳು. ಬಿಡೇ ಅಂದ್ರೆ ಬಿಡ್ಲಿಲ್ಲ.”

ಕ್ಯಾಮೆರಾದ ಯುವತಿ ನಕ್ಕು, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು. ಇದು ಹೇಳಿಕೊಟ್ಟದ್ದರಲ್ಲಿ ಇರಲಿಲ್ಲ. ನಿರ್ದೇಶಕಿ ಹುಡುಗಿಯನ್ನು ದಿಟ್ಟಿಸಿ, ಬೆರಳಿನಿಂದ ಮೆಷಿನ್ನನ್ನು ತೋರಿಸಿದರು. ಕಾಜಕ್ಕನನ್ನು ಆ ಕೊನೆಯ ಸಾಲಿಗೆ ತರಬೇಕಿತ್ತು. ಒಂದು ಮಾತು ಎಸೆದರೆ ಸಾಕಿತ್ತು: ‘ಅಕ್ಕ, ಈಗ ನಿಮ್ಮ ಮಗಳು ಯಾರು?’ ಅದು ನಾಲಿಗೆಯ ತುದಿಗೆ ಬಂದು ಕೂತಿತ್ತು ಕೂಡ.

“ಹೂಂ” ಎಂದಳು ಹುಡುಗಿ.

“ಅವ್ಳು ಹೋದ ದಿನ ಅದೇ ಡಾಕ್ಟ್ರು ಬಂದು ಹೇಳಿದ್ರು. ಬೆರಳಿಗೆ ಇನ್ನೂ ಪಟ್ಟಿ ಇತ್ತು. ನಾನು ಅವ್ರ ಮುಖ ನೋಡ್ಲಿಲ್ಲ, ಪಟ್ಟೀನೇ ನೋಡ್ತಿದ್ದೆ. ಇದು ಇನ್ನೂ ವಾಸಿಯಾಗಿಲ್ವಲ್ಲ, ಅವ್ಳು ಹೇಗೆ ಹೋದ್ಳು ಅಂತ.”

ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಯಜಮಾನರು ಎಲ್ಲಿ ನೋಡುವುದೆಂದು ತಿಳಿಯದೆ ತಮ್ಮ ಕೈಬೆರಳುಗಳನ್ನು ನೋಡಿಕೊಂಡರು. ಎದ್ದು ನಿಂತು, “ಇನ್ನೂ ಒಂದೆರಡು ಕಡೆ ನೋಡೋದಿದೆ, ಆಮೇಲೆ ತಿಳಿಸ್ತೀವಿ” ಎಂದರು. ಮೆಟ್ಟಿಲ ಮೇಲಿನ ಸದ್ದು ಕೆಳಗಿಳಿಯಿತು.

ನಿರ್ದೇಶಕಿ ಬಾಗಿಲಲ್ಲಿ ನಿಂತರು. ದನಿ ಏರಿಸಲಿಲ್ಲ. “ಎಲ್ಲ ಓದಿಕೊಂಡಿದೀಯ. ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿತ್ತಲ್ಲ ನಿಂಗೆ?”

“ಗೊತ್ತಿತ್ತು ಮೇಡಂ.”

ಅವರು ಅತಿಥಿಗಳ ಹಿಂದೆ ಇಳಿದು ಹೋದರು.

ಹೆಂಗಸರು ಒಬ್ಬೊಬ್ಬರಾಗಿ ಮೆಷಿನ್ನುಗಳಿಗೆ ಹೊದಿಕೆ ಹಾಕಿದರು. ಒಬ್ಬಳು ಹೋಗುವಾಗ ಹುಡುಗಿಯ ಹೆಗಲನ್ನು ಸುಮ್ಮನೆ ಮುಟ್ಟಿ ಹೋದಳು.

ಕಾಜಕ್ಕ ಮಾತ್ರ ಎದ್ದಿರಲಿಲ್ಲ. ಅರ್ಧ ಮುಗಿದ ಅಂಗಿಯನ್ನು ಮಡಿಲಿಗೆಳೆದು, ಸೂಜಿಗೆ ದಾರ ಪೋಣಿಸಿಕೊಂಡಳು. ಎದುರಿನ ಸ್ಟೂಲನ್ನು ಕಾಲಿನಿಂದಲೇ ಹುಡುಗಿಯ ಕಡೆಗೆ ನೂಕಿದಳು.

“ಕತೇಲಿ ಎಲ್ಲಿಗೆ ಬಂದಿದ್ದೆ ಕಣೇ?”

ಹುಡುಗಿ ಕೂತಳು. “ಪಟ್ಟಿ ಹತ್ರ.”

“ಅದಕ್ಕಿಂತ ಮುಂಚೆ ಇನ್ನೊಂದಿದೆ. ಅವ್ಳಿಗೆ ನಾಲ್ಕು ವರ್ಷ ಆಗ. ಪಕ್ಕದ ಮನೆಯೋರ ಕೋಳಿಗೆ ನನ್ನ ರವಿಕೆ ತೊಡಿಸಿದ್ಳು.”

“ಹೂಂ.”

ಸೂಜಿ ಬಟ್ಟೆಯೊಳಗೆ ಇಳಿದು, ಮೇಲೆ ಬಂತು. ಕೆಳಗಿನ ಅಂಗಡಿಯಲ್ಲಿ ಯಾರೋ ಬಣ್ಣದ ಡಬ್ಬಿಯ ಮುಚ್ಚಳ ತೆಗೆದರು.