ಐದು ಗಂಟೆಯ ಬಸ್ಸು

ಬಸ್ತಿಹಳ್ಳಿಯ ಜೀವಂಧರಯ್ಯನವರ ಮನೆಯವರು ವರ್ಷಕ್ಕೆ ಮೂರು ನಾಲ್ಕು ಸಲ ಬೇಲೂರಿಗೆ ಹೋಗಿ ಸಿನಿಮಾ ನೋಡುತ್ತಿದ್ದರು. ಆದರೆ ಯಾವ ಸಿನಿಮಾದ ಕೊನೆಯನ್ನೂ ನೋಡಿದವರಲ್ಲ. ಮೂರಕ್ಕೆ ಶುರುವಾದ ಮ್ಯಾಟಿನಿ ಮುಗಿಯುವಾಗ ಆರಕ್ಕೆ ಹತ್ತು ನಿಮಿಷ. ಊರ ಕಡೆ ಹೋಗುವ ಹಳೇಬೀಡಿನ ಬಸ್ಸು ಐದಕ್ಕೆ. ಅದನ್ನು ಹಿಡಿದರೆ ಮನೆ ಸೇರಿ, ಕೈಕಾಲು ತೊಳೆದು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬಹುದು. ತಪ್ಪಿದರೆ ಮರುದಿನ ಬೆಳಗಿನವರೆಗೆ ಊಟವಿಲ್ಲ. ಜೈನರ ಮನೆಗಳಲ್ಲಿ ಅದು ಚರ್ಚೆಯ ವಿಷಯವೇ ಅಲ್ಲ. ಜೀವಂಧರಯ್ಯನವರಿಗಂತೂ ಇದರಿಂದ ನಷ್ಟವಾಗಿದೆ ಎಂದು ಅನ್ನಿಸಿಯೇ ಇರಲಿಲ್ಲ. ಕೊನೆಯಲ್ಲಿ ಏನಿರುತ್ತದೆ, ಹೊಡೆದಾಡುತ್ತಾರೆ, ಆಮೇಲೆ ಮದುವೆಯಾಗುತ್ತಾರೆ, ಅದಕ್ಕಾಗಿ ಉಪವಾಸ ಇರಬೇಕೇ ಎನ್ನುತ್ತಿದ್ದರು.

ಅವರ ಮಗಳು ಪದ್ಮಲತಾ ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ಎಪ್ಪತ್ತೊಂದರ ಏಪ್ರಿಲ್‌ನಲ್ಲಿ ಅವಳು ತಂದೆತಾಯಿಯ ಜೊತೆ ನೋಡಿದ ಚಿತ್ರ ಪಾಳೆಯಗಾರರ ಕಾಲದ್ದು. ಪಾಳೆಯಗಾರನ ಮಗಳಿಗೂ ಅವಳ ಕುದುರೆ ನೋಡಿಕೊಳ್ಳುವ ಹುಡುಗನಿಗೂ ಪ್ರೀತಿ. ಯುದ್ಧ ಬರುತ್ತದೆ. ಹುಡುಗ ಸೈನ್ಯ ಸೇರುತ್ತಾನೆ. ಹೊರಡುವಾಗ ಅವಳು ತನ್ನ ಮನೆತನದ ಮುದ್ರೆಯಿದ್ದ ಕಿರುಗತ್ತಿಯನ್ನು ಅವನ ಕೈಗಿಡುತ್ತಾಳೆ. ಕಾಳಗದ ಹಿಂದಿನ ದಿನ ಅವನು ಅದನ್ನು ಬಟ್ಟೆಯಲ್ಲಿ ಸುತ್ತಿ, ಒಂದು ಮಾತೂ ಇಲ್ಲದೆ ವಾಪಸು ಕಳಿಸುತ್ತಾನೆ. ಅವಳು ಬಟ್ಟೆ ಬಿಚ್ಚಿ ನೋಡಿ, ನನ್ನ ಅಂತಸ್ತು ಅವನಿಗೆ ಬೇಡವಾಯಿತು ಎನ್ನುತ್ತಾಳೆ. ಅಷ್ಟು ಹೊತ್ತಿಗೆ ತಾಯಿ ಪದ್ಮಲತಾಳನ್ನು ಮೊಣಕೈಯಿಂದ ತಿವಿದರು. ಐದಕ್ಕೆ ಹತ್ತು ನಿಮಿಷವಿತ್ತು.

ಅವರು ಕೂತಿದ್ದದ್ದು ಹಿಂದಿನ ಕುರ್ಚಿಗಳಲ್ಲಿ. ಮುಂದಿನ ಬೆಂಚಿನಲ್ಲಿ ಅವರ ಗೇಣಿದಾರ ಕೆಂಚಯ್ಯನ ಹೆಂಡತಿ ಹನುಮಕ್ಕ, ರಜೆಯ ಮೇಲೆ ಬಂದಿದ್ದ ಮಗ ತಮ್ಮಯ್ಯನ ಜೊತೆ ಕೂತಿದ್ದಳು. ತಮ್ಮಯ್ಯ ಮಿಲಿಟರಿಗೆ ಸೇರಿ ಎರಡು ವರ್ಷವಾಗಿತ್ತು. ಕುರ್ಚಿಯವರು ಎದ್ದು ಹೋದದ್ದು ಬೆಂಚಿನವರಿಗೆ ಕಾಣುವುದಿಲ್ಲ. ಅವನು ತಿರುಗಿ ನೋಡಲಿಲ್ಲ. ಮರುದಿನ ಅರಸೀಕೆರೆಯಲ್ಲಿ ರೈಲು ಹತ್ತಿದ.

ಹೊರಡುವ ಮುಂಚೆ, ಬೆಳಿಗ್ಗೆ, ಬಸದಿಯ ಹತ್ತಿರ ಪದ್ಮಲತಾ ಅವನಿಗೆ ತನ್ನ ಪೆನ್ನು ಕೊಟ್ಟಿದ್ದಳು. ಬಿ.ಎ. ಪಾಸಾದಾಗ ತಂದೆ ಹಾಸನದಲ್ಲಿ ಅವಳ ಹೆಸರು ಕೆತ್ತಿಸಿ ತಂದಿದ್ದ ಪೆನ್ನು. ಅವನು ಅದನ್ನು ತಿರುಗಿಸಿ ಹೆಸರು ಓದಿದ. ನಿಮ್ಮಪ್ಪಾರು ಒಪ್ಪುವ ಮಾತೇ ಇದು ಎಂದು ಕೇಳಿದ. ಬಂದು ಕೇಳು, ಅಲ್ಲಿಯವರೆಗೆ ಇರುತ್ತೇನೆ ಎಂದು ಅವಳು ಹೇಳಿದಳು. ಮಾತಾದದ್ದು ಇಷ್ಟೇ. ಮನೆಯಲ್ಲಿ ಪೆನ್ನು ಕಳೆದುಹೋಯಿತೆಂದಳು.

ಇಷ್ಟು ಕಡಿಮೆ ಮಾತಿನಲ್ಲಿ ಮುಗಿದದ್ದಕ್ಕೆ ಕಾರಣವಿತ್ತು. ಕೆಂಚಯ್ಯನಿಗಾಗಲಿ ಹನುಮಕ್ಕನಿಗಾಗಲಿ ಓದು ಬರುತ್ತಿರಲಿಲ್ಲ. ಮಗನ ಕಾಗದ ಬಂದಾಗಲೆಲ್ಲ ಪದ್ಮಲತಾ ಅವರ ಜಗಲಿಯ ಮೇಲೆ ಕೂತು ಓದಿ ಹೇಳುತ್ತಿದ್ದಳು, ಅವರು ಹೇಳಿದ್ದನ್ನು ಬರೆದು ಕಳಿಸುತ್ತಿದ್ದಳು. ಯಾರು ಓದುತ್ತಾರೆಂದು ಅವನಿಗೆ ಗೊತ್ತು. ಒಂದು ಕಾಗದದಲ್ಲಿ, ರಾಸು ಹೇಗಿವೆ, ಗದ್ದೆಗೆ ನೀರು ಬಂತೇ ಎಂದೆಲ್ಲ ಕೇಳಿದ ಮೇಲೆ, ಬಸದಿಯ ಕನ್ನಡಿಯಂಥ ಕಂಬದಲ್ಲಿ ಮುಖ ನೋಡಿಕೊಳ್ಳುವವರು ಈಗಲೂ ನೋಡಿಕೊಳ್ಳುತ್ತಾರೆಯೇ ಎಂದು ಬರೆದಿದ್ದ.

“ಇದ್ಯಾಕ್ ಬರ್ದವ್ನೆ ಇವ್ನು?” ಎಂದು ಹನುಮಕ್ಕ ಕೇಳಿದಳು.

ಊರಿನ ನೆನಪಾಗಿರಬೇಕು ಎಂದು ಪದ್ಮಲತಾ ಹೇಳಿದಳು. ಉತ್ತರದಲ್ಲಿ ಎಮ್ಮೆ ಕರು ಹಾಕಿದ ಸುದ್ದಿಯ ಕೆಳಗೆ, ನೋಡಿಕೊಳ್ಳುತ್ತಾರೆ ಎಂದು ಒಂದು ಸಾಲು ತಾನೇ ಸೇರಿಸಿದಳು.

ಡಿಸೆಂಬರ್ ಮೊದಲ ವಾರ ಯುದ್ಧ ಶುರುವಾಯಿತು. ಅದರ ಮರುದಿನ ಹನುಮಕ್ಕ ಒಂದು ಪೊಟ್ಟಣ ಹಿಡಿದು ಓದಿಸಲು ಕರೆದಳು. ತಮ್ಮಯ್ಯ ಅದನ್ನು ಅಂಚೆಗೆ ಹಾಕಿದ್ದು ನವೆಂಬರ್‌ನಲ್ಲಿ. ಒಳಗೆ ಚಿಕ್ಕ ಕಾಗದ, ಕರ್ಚೀಫಿನಲ್ಲಿ ಸುತ್ತಿದ ಪೆನ್ನು. ನಾವು ಮುಂದಕ್ಕೆ ಹೋಗುತ್ತಿದ್ದೇವೆ, ಯೋಚನೆ ಮಾಡಬೇಡಿ. ಈ ಪೆನ್ನು ಅಯ್ನೋರ ಮನೆಯದು, ಕೊಟ್ಟುಬಿಡಿ. ಬೇಲೂರಿನಲ್ಲಿ ಸಿನಿಮಾ ನೋಡಿದ್ದು ನೆನಪಾಗುತ್ತದೆ. ಇಷ್ಟೇ ಇತ್ತು. ಅವಳು ಎಲ್ಲವನ್ನೂ ಗಟ್ಟಿಯಾಗಿ ಓದಿದಳು, ಪೆನ್ನಿನ ವಿಷಯವನ್ನೂ. ಹನುಮಕ್ಕ ಪೆನ್ನನ್ನೂ ಅವಳ ಮುಖವನ್ನೂ ನೋಡಿದಳು. ಇದು ಇವನ ಕೈಗೆ ಹೇಗೆ ಹೋಯಿತು ಎಂದು ಕೇಳಲಿಲ್ಲ.

ಸಿನಿಮಾದಲ್ಲಿ ಕತ್ತಿ ವಾಪಸು ಬಂದಿತ್ತು. ಇಲ್ಲಿ ಪೆನ್ನು ಬಂದಿದೆ. ಅವನು ಏನು ಹೇಳುತ್ತಿದ್ದಾನೆಂದು ಪದ್ಮಲತಾಳಿಗೆ ಸಂಶಯ ಉಳಿಯಲಿಲ್ಲ. ಪೆನ್ನನ್ನು ಪೆಟ್ಟಿಗೆಯಲ್ಲಿ ಸೀರೆಗಳ ಅಡಿಯಲ್ಲಿಟ್ಟು ಅಡಿಗೆಮನೆಗೆ ಹೋದಳು.

ಅದೇ ವಾರ ಅರಸೀಕೆರೆಯಿಂದ ಅತ್ತೆಯ, ಎಂದರೆ ತಂದೆಯ ಅಕ್ಕ ಚಂದ್ರಮತಿಯ ಕಾಗದ ಬಂತು. ತಮ್ಮ ಬೀದಿಯಲ್ಲೇ ಬಟ್ಟೆ ವ್ಯಾಪಾರದ ಮನೆ, ಹುಡುಗನ ಹೆಸರು ಶ್ರೇಯಾಂಸ, ಸೋಮವಾರ ನೋಡಲು ಬರುತ್ತಾರೆ, ಹುಡುಗಿಯನ್ನು ಎರಡು ದಿನ ಮುಂಚೆಯೇ ಇಲ್ಲಿಗೆ ಕಳಿಸಿ. ಜೀವಂಧರಯ್ಯ ಮಗಳನ್ನು ಕೇಳಿದರು. ಅವಳು ಒಂದು ದಿನ ಬಿಟ್ಟು ಹೇಳುತ್ತೇನೆ ಎಂದಳು. ತಮ್ಮಯ್ಯನಿಗೆ ಬರೆದು ಕೇಳಲು ಹೊತ್ತಿರಲಿಲ್ಲ. ಕಾಗದ ತಲುಪಿ ಉತ್ತರ ಬರಲು ಸಾಧಾರಣ ದಿನಗಳಲ್ಲೇ ಮೂರು ವಾರ ಬೇಕಾಗುತ್ತಿತ್ತು.

ಸಿನಿಮಾ ಅಲ್ಲಿಗೇ ಮುಗಿಯಲಿಲ್ಲವಲ್ಲ ಎಂಬುದು ಅವಳಿಗೆ ಹೊಳೆದದ್ದು ಆ ಸಂಜೆ, ಊಟ ಮುಗಿಸಿ ತಟ್ಟೆ ತೊಳೆಯುವಾಗ. ಆಮೇಲೂ ಒಂದು ಗಂಟೆಯ ಕಥೆಯಿತ್ತು. ಅದನ್ನು ಅವನು ನೋಡಿದ್ದ, ಅವಳು ನೋಡಿರಲಿಲ್ಲ.

ಕೇಳುವುದಾದರೂ ಯಾರನ್ನು? ತಮ್ಮ ಪೈಕಿಯವರೆಲ್ಲ ಐದು ಗಂಟೆಯ ಬಸ್ಸಿನವರು. ಮರುದಿನ ಕೊಟ್ಟಿಗೆಯ ಹತ್ತಿರ ಹನುಮಕ್ಕ ಸಿಕ್ಕಾಗ, ಬೇರೇನೋ ಮಾತಿನ ನಡುವೆ, ಆ ಸಿನಿಮಾದಲ್ಲಿ ಕತ್ತಿ ವಾಪಸು ಕಳಿಸಿದ ಮೇಲೆ ಏನಾಯಿತು ಎಂದು ಕೇಳಿದಳು.

ಹನುಮಕ್ಕ ಹುಲ್ಲಿನ ಹೊರೆ ಇಳಿಸಿದಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

“ಏನಾಯ್ತದೆ? ಅವ್ನು ಅವ್ರ ಪೈಕಿಯೋಳ್ನೇ ಕಟ್ಕೊಂಡ. ಅವ್ಳು ದೊಡ್ ಮನೇಗೆ ಸೊಸೆಯಾಗಿ ಹೋದ್ಳು. ಇಬ್ರೂ ಚೆಂದಾಗಿದ್ರು ಕಣ್ರವ್ವ.”

ಪದ್ಮಲತಾ ಸರಿ ಎಂದಳು. ಒಳಗೆ ಹೋಗಿ, ಸೋಮವಾರ ಬರುವುದಾದರೆ ಬರಲಿ ಎಂದು ತಂದೆಗೆ ತಿಳಿಸಿದಳು. ಶನಿವಾರ ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ತಂದೆಯ ಜೊತೆ ಕೂತಾಗ ಮಾತ್ರ ಇನ್ನೊಂದು ವಿಷಯ ನೆನಪಾಯಿತು. ಆ ಸಿನಿಮಾವನ್ನು ಹನುಮಕ್ಕ ಮಗ ಹೋದ ಮೇಲೆ ಮತ್ತೊಮ್ಮೆ ನೋಡಿದ್ದಳು. ಮಾದಿಹಳ್ಳಿಯ ನೆಂಟರ ಗಾಡಿಯಲ್ಲಿ ಹೋಗಿ, ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ಎರಡು ದಿನ ಗದ್ದೆಯಲ್ಲೆಲ್ಲ ಅದರದೇ ಮಾತಾಡಿದ್ದಳು. ಇಬ್ಬರೂ ಅವರವರ ಪೈಕಿ ಮದುವೆಯಾಗಿ ಚೆಂದಾಗಿರುವ ಸಿನಿಮಾವನ್ನು ಯಾರು ಎರಡು ಸಲ ನೋಡುತ್ತಾರೆ? ಯಾರು ಅಳುತ್ತಾರೆ?

ಅರಸೀಕೆರೆಯಲ್ಲಿ ಬಸ್ಸು ಇಳಿದಾಗ ಸ್ಟ್ಯಾಂಡಿನ ಎದುರಿನ ಗೋಡೆಯ ಮೇಲೆ ಅದೇ ಚಿತ್ರದ ಪೋಸ್ಟರು ಹಚ್ಚಿದ್ದರು. ಬೇಲೂರಿನಲ್ಲಿ ಓಡಿದ್ದು ಎಂಟು ತಿಂಗಳ ಮೇಲೆ ಇಲ್ಲಿಗೆ ಬಂದಿತ್ತು. ಕಡೇ ದಿನ ಎಂದು ಮೇಲೆ ಚೀಟಿ ಅಂಟಿಸಿದ್ದರು. ತಂದೆ ಅವಳನ್ನು ಅಕ್ಕನ ಮನೆಗೆ ಬಿಟ್ಟು ಅದೇ ಬಸ್ಸಿಗೆ ವಾಪಸಾದರು, ಸೋಮವಾರ ಬರುವವರಾಗಿ. ಅವಳು ಅತ್ತೆಯ ಹತ್ತಿರ ಸಿನಿಮಾಕ್ಕೆ ಹೋಗೋಣವೇ ಎಂದಳು. ನಾಡಿದ್ದು ಗಂಡಿನವರು ಬರುವಾಗ ಹುಡುಗಿ ಗೆಲುವಾಗಿರುವುದು ಒಳ್ಳೆಯದೆಂದು ಅತ್ತೆ ಒಪ್ಪಿದಳು.

ಕಿರುಗತ್ತಿ ವಾಪಸು ಬಂತು. ಪಾಳೆಯಗಾರನ ಮಗಳು ಅಂತಸ್ತಿನ ಮಾತಾಡಿದಳು. ಗಂಟೆ ಐದಾಯಿತು, ಡಿಸೆಂಬರಿನ ಹೊತ್ತು ಬೇಗ ಮುಳುಗುತ್ತದೆ. ಅತ್ತೆ ಎದ್ದಳು. ಪದ್ಮಲತಾ ಏಳಲಿಲ್ಲ.

“ನೀವು ಹೋಗಿ ಅತ್ತೆ. ನಾನು ಮುಗಿಸ್ಕೊಂಡು ಬರ್ತೀನಿ.”

“ಊಟ ಏನೇ ಮಾಡ್ತೀಯ?”

“ಇವತ್ತು ಬೇಡ.”

ಅತ್ತೆ ನಿಂತೇ ಇದ್ದಳು. ಹಿಂದಿನವರು ಕೂತ್ಕೊಳ್ರೀ ಎಂದರು. ಆಮೇಲೆ ಅವಳು ಸೀರೆಯ ನೆರಿಗೆ ಹಿಡಿದುಕೊಂಡು, ಸಾಲಿನವರ ಕಾಲು ದಾಟುತ್ತ ಹೊರಗೆ ಹೋದಳು.

ಕೊನೆಯ ಒಂದು ಗಂಟೆಯಲ್ಲಿ ಅರ್ಧ ಯುದ್ಧವೇ. ಸತ್ತವರ ಸೊಂಟ ತಡವುತ್ತ, ಸಿಕ್ಕಿದ್ದನ್ನು ಕಿತ್ತುಕೊಳ್ಳುತ್ತ, ಯಾರ ವಸ್ತು ಯಾರ ಹತ್ತಿರವಿತ್ತೆಂದು ಕೂಗಿ ಹೇಳುತ್ತ ಜನ ಓಡಾಡಿದರು. ಕೊನೆಗೆ ಆ ಹುಡುಗ ಕುಂಟುತ್ತ ಬಂದು ಕೋಟೆಯ ಬಾಗಿಲಲ್ಲಿ ನಿಂತ. ಸತ್ತವನ ಸೊಂಟದಲ್ಲಿ ಈ ಮುದ್ರೆ ಸಿಕ್ಕಿದ್ದರೆ ನಿನ್ನ ಹೆಸರು ಬೀದಿಗೆ ಬರುತ್ತಿತ್ತು, ಬದುಕಿ ಬಂದಿದ್ದೇನೆ, ಈಗ ಕೊಡು ಎಂದು ಕೈ ಚಾಚಿದ. ಬೆಂಚಿನವರು ಶಿಳ್ಳೆ ಹಾಕಿದರು. ಪರದೆಯ ಮೇಲೆ ಬಾವುಟ ಬಂತು. ಎಲ್ಲರೂ ಎದ್ದು ನಿಂತರು. ಟಾಕೀಸಿನಲ್ಲಿ ರಾಷ್ಟ್ರಗೀತೆ ಹಾಕುತ್ತಾರೆಂದು ಪದ್ಮಲತಾಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹೊರಗೆ ಬಂದಾಗ ಕತ್ತಲಾಗುತ್ತಿತ್ತು. ಅತ್ತೆಯ ಮನೆಯಲ್ಲಿ ಪಾತ್ರೆಗಳನ್ನು ಕವುಚಿ ಹಾಕಿದ್ದರು. ಅವಳು ಚಾಪೆ ಹಾಸಿಕೊಳ್ಳುವ ಮುಂಚೆ, ಸೋಮವಾರ ಅವರು ಬರುವುದು ಬೇಡ, ಬೆಳಿಗ್ಗೆ ಹೇಳಿ ಕಳಿಸಿ ಎಂದಳು. ಅತ್ತೆ ಕಾರಣ ಕೇಳಿದಳು, ಬೈದಳು, ಅತ್ತಳು. ಮೈಸೂರಿಗೆ ಹೋಗಿ ಎಂ.ಎ. ಓದಬೇಕು ಎಂದಷ್ಟೇ ಪದ್ಮಲತಾ ಹೇಳಿದಳು. ಭಾನುವಾರದ ಬಸ್ಸಿಗೆ ಅತ್ತೆಯೇ ಕೂರಿಸಿದಳು. ತಂದೆಗೂ ಅವಳು ಅದೇ ಕಾರಣ ಹೇಳಿದಳು. ಸಿನಿಮಾವನ್ನು ಕೊನೆಯವರೆಗೆ ನೋಡಿದ್ದಕ್ಕೇ ಹುಡುಗಿ ಕೆಟ್ಟಳೆಂದು ಚಂದ್ರಮತಿ ತಮ್ಮನಿಗೆ ಬರೆದಳು. ಆ ಕಾಗದವನ್ನು ಮನೆಯಲ್ಲಿ ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಹನುಮಕ್ಕ ಹಿತ್ತಲ ಗೋಡೆಗೆ ಬೆರಣಿ ತಟ್ಟುತ್ತಿದ್ದಳು.

“ಕೊನೆ ನೋಡ್ಕೊಂಡು ಬಂದೆ, ಹನುಮಕ್ಕ.”

ಹನುಮಕ್ಕ ಇನ್ನೂ ಎರಡು ಬೆರಣಿ ತಟ್ಟಿದಳು.

“ಅಯ್ನೋರು ಗದ್ದೆ ಬಿಡಿಸ್ಬುಟ್ರೆ ನಾವು ಎಲ್ಲಿಗ್ ಹೋಗಾದು, ನೀವೇ ಹೇಳಿ. ಸಿನಿಮಾದಾಗೆ ಅವ್ನ ಅಪ್ಪ ಅವ್ವನ್ನ ತೋರ್ಸೇ ಇಲ್ಲ.”

ಪದ್ಮಲತಾ ಅದನ್ನು ಯೋಚಿಸಿರಲಿಲ್ಲ. ನಿಜವಾಗಿಯೂ ತೋರಿಸಿರಲಿಲ್ಲ. ತಾನು ಯಾರಿಗೂ ಏನೂ ಹೇಳಿಲ್ಲವೆಂದೂ, ಗಂಡಿನವರನ್ನು ತಾನು ಬೇಡವೆಂದದ್ದು ಮಾತ್ರ ನಿಜವೆಂದೂ ಹೇಳಿದಳು. ಹನುಮಕ್ಕ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು. “ಬರ್ಲಿ ಬುಡಿ, ಬಂದಾಗ ನೋಡಾನ” ಎಂದಳು.

ಗುರುವಾರ ಯುದ್ಧ ಮುಗಿಯಿತೆಂದು ರೇಡಿಯೋದಲ್ಲಿ ಹೇಳಿದರು. ಜೀವಂಧರಯ್ಯನವರ ಜಗಲಿಯ ಮೇಲೆ ಊರಿನವರು ಸೇರಿ ಕೇಳಿದರು. ಕೆಂಚಯ್ಯ ಕಂಬದ ಪಕ್ಕ ನಿಂತು ಕೇಳಿ, ಎಲ್ಲರಿಗೂ ಎಲೆ ಅಡಿಕೆ ಕೊಟ್ಟ. ಸೋಮವಾರ ತಂತಿ ಬಂತು. ಅದನ್ನು ಪದ್ಮಲತಾ ಓದಬೇಕಾಗಿ ಬರಲಿಲ್ಲ, ತಂದವನೇ ಓದಿ ಹೇಳಿದ. ಅವಳು ಅಡಿಗೆಮನೆಯಲ್ಲಿದ್ದಳು. ಹನುಮಕ್ಕನ ಕೂಗು ಕೇಳಿ, ಒಲೆಯ ಮೇಲಿದ್ದ ಹಾಲನ್ನು ಇಳಿಸಿಟ್ಟು ಹೊರಗೆ ಬಂದಳು.

ಫೆಬ್ರವರಿಯಲ್ಲಿ ತಮ್ಮಯ್ಯನ ಟ್ರಂಕು ಅರಸೀಕೆರೆ ಸ್ಟೇಷನ್ನಿಗೆ ಬಂತು. ಕೆಂಚಯ್ಯ ಹೋಗಿ ಬಸ್ಸಿನ ಮೇಲೆ ಹಾಕಿಸಿಕೊಂಡು ತಂದ. ಜೊತೆಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಪಟ್ಟಿ ಇತ್ತು. ಓದಿ ನೋಡಿ, ಸರಿಯಾಗಿದೆ ಎಂದು ಹೆಬ್ಬೆಟ್ಟು ಹಾಕಿ, ಸಾಕ್ಷಿಯ ರುಜು ಹಾಕಿಸಿ ವಾಪಸು ಕಳಿಸಬೇಕಿತ್ತು. ಪದ್ಮಲತಾಳನ್ನು ಕರೆದರು. ಗೇಣಿದಾರನ ಮನೆಯ ದುಃಖಕ್ಕೆ ಹೋಗದಿದ್ದರೆ ಸರಿಯಲ್ಲವೆಂದು ಜೀವಂಧರಯ್ಯನವರೂ ಬಂದು ಜಗಲಿಯ ಮೇಲೆ ಕೂತರು. ಅಂಗಳದಲ್ಲಿ ಅರ್ಧ ಊರು ಇತ್ತು.

ಅವಳು ಒಂದೊಂದಾಗಿ ಓದಿ ಕನ್ನಡದಲ್ಲಿ ಹೇಳಿದಳು. ಕೆಂಚಯ್ಯ ಒಂದೊಂದಾಗಿ ತೆಗೆದು ಚಾಪೆಯ ಮೇಲಿಟ್ಟ. ಉಣ್ಣೆಯ ಅಂಗಿ, ಎರಡು. ಕನ್ನಡಿ, ಒಂದು. ಕ್ಷೌರದ ಸಾಮಾನು. ಸೋಪಿನ ಡಬ್ಬಿ. ತಂದೆತಾಯಿಯಿಂದ ಬಂದ ಪತ್ರಗಳು, ಹನ್ನೊಂದು. ಅವುಗಳ ಕೆಳಗೆ ಕೆಂಚಯ್ಯ, ಹನುಮಕ್ಕ ಎಂದು ಬರೆದಿತ್ತು. ಅಕ್ಷರ ಅವಳದು. ಅದು ಎಲ್ಲರಿಗೂ ಗೊತ್ತಿದ್ದದ್ದೇ, ಯಾರೂ ಎರಡನೇ ಸಲ ನೋಡಲಿಲ್ಲ. ಒಂದು ಜೊತೆ ಬೂಟು. ಪಟ್ಟಿ ಮುಗಿಯಿತು.

“ಪೂರ್ತಿ ಓದಿದ್ರಾ ಅವ್ವ, ಕೊನೇಗಂಟ?” ಎಂದು ಹನುಮಕ್ಕ ಕೇಳಿದಳು.

“ಓದಿದೆ.”

“ಇನ್ನೇನೂ ಇಲ್ವ ಅದ್ರಾಗೆ?”

“ಇಲ್ಲ.”

ಹನುಮಕ್ಕ ತಲೆಯಾಡಿಸಿದಳು. ಕೆಂಚಯ್ಯ ಹೆಬ್ಬೆಟ್ಟು ಒತ್ತಿದ. ಸಾಕ್ಷಿಗೆ ನೀನೇ ಹಾಕಮ್ಮ ಎಂದರು ಜೀವಂಧರಯ್ಯ. ಅವಳು ತಂದೆಯ ಜೇಬಿನ ಪೆನ್ನು ಕೇಳಿ ತೆಗೆದುಕೊಂಡು, ಹೆಬ್ಬೆಟ್ಟಿನ ಪಕ್ಕದಲ್ಲಿ ತನ್ನ ಹೆಸರು ಬರೆದಳು.

ಬಿಸಿಲು ಬಸದಿಯ ಗೋಡೆ ಬಿಟ್ಟು ಮೇಲಕ್ಕೆ ಸರಿದಿತ್ತು. ಜೀವಂಧರಯ್ಯ ಎದ್ದು ಪಂಚೆ ಸರಿಮಾಡಿಕೊಂಡರು. ಹೊತ್ತಾಯಿತು, ಊಟಕ್ಕೆ ಏಳು ಎಂದರು.

“ನೀವು ಹೋಗಿ ಅಪ್ಪ. ಇವರಿಗೆ ಇನ್ನೊಂದು ಸಲ ಓದಿ ಹೇಳ್ತೀನಿ.”

ಅವರು ಮಗಳನ್ನೂ, ಅವಳ ಪಕ್ಕದಲ್ಲಿ ಕೂತಿದ್ದ ಹನುಮಕ್ಕನನ್ನೂ ನೋಡಿದರು. ಮೆಟ್ಟಿಲಿಳಿದು ಮನೆಯ ಕಡೆ ನಡೆದರು.

ಪದ್ಮಲತಾ ಪಟ್ಟಿಯನ್ನು ತಿರುಗಿಸಿ ಮತ್ತೆ ಮೇಲಿನಿಂದ ಶುರುಮಾಡಿದಳು. ಉಣ್ಣೆಯ ಅಂಗಿ, ಎರಡು.