ಹನ್ನೆರಡು ಸ್ಟೂಲುಗಳ ಸರಾಸರಿ

ಮನುಷ್ಯ ಕೂತು ದುಡಿಯಬೇಕೋ ನಿಂತು ದುಡಿಯಬೇಕೋ ಎಂಬ ಮಹಾಪ್ರಶ್ನೆಯನ್ನು ಪುಣೆಯ ಹಡಪಸರದ ಒಂದು ಮಸಾಲೆ ಕಾರ್ಖಾನೆ ಕಳೆದ ಜನವರಿಯಲ್ಲಿ ಕೈಗೆತ್ತಿಕೊಂಡಿತು. ಪ್ರಶ್ನೆ ಎತ್ತಿದವಳು ಪ್ಯಾಕಿಂಗಿನ ಯಮನವ್ವ. ಯಾದಗಿರಿ ಕಡೆಯವಳು. ಹನ್ನೊಂದು ವರ್ಷ ನಿಂತು ಮೊಣಕಾಲು ಸವೆದಿದ್ದವು. ಇನ್ನೂ ನಿಂತರೆ ನಡೆಯುವುದೂ ಕಷ್ಟವೆಂದು ಡಾಕ್ಟರು ಹೇಳಿಯಾಗಿತ್ತು.

"ಒಂದು ಸ್ಟೂಲು ಕೊಡ್ರಿ, ಸಾಹೇಬ್ರ."

ಮ್ಯಾನೇಜರ್ ಅಶ್ವಿನ್ ಬೆಂಗಳೂರಿನವನು, ಹಾಗೆಲ್ಲ ಸ್ಟೂಲು ಕೊಟ್ಟುಬಿಡುವ ದುಡುಕಿನವನಲ್ಲ. "ಡೇಟಾ ನೋಡೋಣ" ಎಂದ.

ಡೇಟಾ ನೋಡಲು ಬಿಬವೇವಾಡಿಯಿಂದ ಮಧುಕರ ದೇಸಾಯರು ಬಂದರು. ಧಾರವಾಡ ಮೂಲದವರು, ಪುಣೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ಇಪ್ಪತ್ತನಾಲ್ಕು ಹೆಂಗಸರಿಗೆ ಚೀಟಿ ಎತ್ತಿಸಿದರು. ಹನ್ನೆರಡು ಜನ ಕೂತು ಮಸಾಲೆ ಡಬ್ಬಿ ತುಂಬಬೇಕು, ಹನ್ನೆರಡು ಜನ ನಿಂತು. ಯಮನವ್ವನಿಗೆ ಸ್ಟೂಲು ಬಂತು, ಅವಳ ಪಕ್ಕದ ಭಾಗ್ಯಾಗೆ ಬರಲಿಲ್ಲ.

"ಎರಡೂ ಗುಂಪಿನ ಸರಾಸರಿ ಒಂದ ಅಂತ ಮೊದಲ ಹಿಡಕೋಳೂದು. ಅಂಕಿ ಅದನ್ನ ಸುಳ್ಳು ಮಾಡಿದ್ರ ಸ್ಟೂಲಿನಿಂದ ಫರಕ ಅದ ಅಂತ" ಎಂದು ದೇಸಾಯರು ಅಶ್ವಿನ್‌ಗೆ ವಿವರಿಸಿದರು.

"ಸೂಪರ್ ಸರ್. ಪ್ರೂವ್ ಆದ್ರೆ ಎಲ್ಲರಿಗೂ ಸ್ಟೂಲ್. ಇಲ್ಲಾಂದ್ರೆ ಯಾರಿಗೂ ಇಲ್ಲ."

ಎರಡು ವಾರ ಸಂಜೆಸಂಜೆ ಡಬ್ಬಿ ಎಣಿಸಿದರು. ಕೂತವರ ಸರಾಸರಿ ದಿನಕ್ಕೆ ನಾನೂರ ಹನ್ನೆರಡು, ನಿಂತವರದು ನಾನೂರ ಒಂಬತ್ತು. ಅಷ್ಟು ಅಂತರ ಚೀಟಿ ಎತ್ತಿದ ಅದೃಷ್ಟದಿಂದಲೇ ಬರಬಹುದು. ಆದರೆ ದೇಸಾಯರಿಗೆ ಒಂದು ಅನುಮಾನ ಹುಟ್ಟಿತು. ಹಳೆಯ ಪಟ್ಟಿಯಲ್ಲಿ ಒಬ್ಬಳದು ಮುನ್ನೂರು, ಇನ್ನೊಬ್ಬಳದು ನಾನೂರೈವತ್ತು ಇರುತ್ತಿತ್ತು. ಈಗ ಇಪ್ಪತ್ತನಾಲ್ಕು ಜನವೂ ಅಕ್ಕತಂಗಿಯರಂತೆ ಒಂದೇ ಎತ್ತರ.

ಯಮನವ್ವನನ್ನೇ ಕೇಳಿದರು. ಅವಳು ಮುಚ್ಚಿಡಲಿಲ್ಲ.

"ಕೂತ್ರ ಕೈ ಭಾಳ ಚುರುಕ ನಡೀತಾವ್ರಿ. ಭಾಗ್ಯಾಂದು ಹಿಂದ ಬೀಳಾಕತ್ತಿತ್ತು. ಎಣಸೂಕಿಂತ ಮೊದಲ ನಮ್ಮ ಡಬ್ಬಿ ಅವರ ಕಡೆ ಸರಿಸಿದ್ವಿ. ಊರಾಗ ಮುಯ್ಯಾಳು ಹೋಗೂದಿಲ್ಲೇನ್ರಿ? ಇವತ್ತ ಅವರ ಹೊಲ, ನಾಳಿ ನಮ್ಮ ಹೊಲ."

"ಎವ್ವಾ, ನಿನ್ನ ಸ್ಟೂಲು ನೀನ ಕಳಕೊಂಡಿ!"

"ನಿಂತಾಕಿನ್ನ ಬೈಸಿ ನಾ ಕೂಡಬೇಕೇನ್ರಿ? ಇಷ್ಟು ಓದಿದವ್ರು, ಇದನ್ನೂ ನಾನ ಹೇಳಬೇಕಾತು."

ದೇಸಾಯರು ಅಶ್ವಿನ್‌ನ ಕೋಣೆಗೆ ಧಾವಿಸಿದರು. ಗುಂಪುಗಳು ಬೇರೆಬೇರೆಯಾಗಿ ಉಳಿದೇ ಇರಲಿಲ್ಲ, ಪರೀಕ್ಷೆ ಕೆಟ್ಟಿತು, ಮತ್ತೆ ಮಾಡಬೇಕು ಎಂದರು. ಡಬ್ಬಿ ಸರಿಸಿದ ಕಥೆಯನ್ನೂ, ವಿಜ್ಞಾನದ ಹಿತಕ್ಕಾಗಿ, ಪೂರ್ತಿ ಹೇಳಿದರು.

ಅಶ್ವಿನ್ ಗಮನವಿಟ್ಟು ಕೇಳಿದ. "ಅಂದ್ರೆ ಅವರ ಕೆಲಸ ಮುಗಿಸಿ ಬೇರೆಯವರ ಕೆಲಸ ಮಾಡೋಷ್ಟು ಟೈಮ್ ಇದೆ. ಟಾರ್ಗೆಟ್ಟೇ ಕಮ್ಮಿ ಆಯ್ತು ಸರ್."

"ಅದು ಕೂತದ್ದರಿಂದಪಾ! ಫರಕ ಸಾಬೀತಾಗಲಿಲ್ಲ ಅಂದ್ರ ಫರಕ ಇಲ್ಲ ಅಂತ ಅರ್ಥ ಅಲ್ಲ."

"ರಿಪೋರ್ಟಲ್ಲಿ ಒಂದೇ ಲೈನ್ ಸಾಕು ಸರ್. ಸಾಬೀತಾಗಲಿಲ್ಲ ಅಂತ."

ಅದು ಸುಳ್ಳಲ್ಲವಾದ್ದರಿಂದ ದೇಸಾಯರು ಸಹಿ ಮಾಡಿದರು.

ಸ್ಟೂಲುಗಳು ಕ್ಯಾಂಟೀನಿಗೆ ಹೋದವು. ದಿನದ ಟಾರ್ಗೆಟ್ಟು ನಾನೂರೈವತ್ತಕ್ಕೆ ಏರಿತು. ಫೆಬ್ರುವರಿ ಕೊನೆಗೆ ಯಮನವ್ವ ಕೆಲಸ ಬಿಟ್ಟಳು.